ಮೊಣಕೈ ಹತ್ರ ಬೈಸೆಪ್ಸ್ ಟೆಂಡನ್ ಕಿತ್ತು ಬಂದಿದೆ: ಬಟನ್ನಾ, ಆಂಕರ್ರಾ, ಸ್ಕ್ರೂನಾ? ಯಾವ್ದು ಗಟ್ಟಿ?

ಸಾಗರದ_ತಮ್ಮ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಉದ್ದ ಆದ್ರೂ ಓದಿ ಪ್ಲೀಸ್. ನಮ್ಮಣ್ಣಂಗೆ 46 ವರ್ಷ, ಅಡಿಕೆ ವ್ಯಾಪಾರ. ಹೋದ ವಾರ ಪಿಕಪ್‌ಗೆ ಚೀಲ ಹತ್ತಿಸ್ತಾ ಇದ್ದಾಗ ಆ ಕಡೆ ಹಿಡ್ಕೊಂಡಿದ್ದ ಹುಡುಗ ಕೈ ಬಿಟ್ಬಿಟ್ಟ, ಪೂರ್ತಿ ಭಾರ ಅಣ್ಣನ ಬಲಗೈ ಮೇಲೇ ಬಿತ್ತು, ಮಡಚಿದ್ದ ಕೈ ಜಗ್ಗಿ ನೆಟ್ಟಗಾಯ್ತು, ಮೊಣಕೈ ಮುಂದ್ಗಡೆ ಟಪ್ ಅಂತ ಸದ್ದು ಬಂತಂತೆ. ಮಾರನೇ ದಿನ ಮೊಣಕೈಯಿಂದ ಕೆಳಗೆ ಪೂರಾ ನೀಲಿ, ತೋಳಿನ ಮಾಂಸ ಮೇಲಕ್ಕೆ ಉಂಡೆ ಕಟ್ಟಿದ ಹಾಗೆ ಕಾಣ್ತಿದೆ. ಮನೇಲಿ ಅಮ್ಮ ಪುತ್ತೂರು ಕಟ್ಟು ಹಾಕ್ಸೋಣ ಅಂತ ಶುರು ಮಾಡಿದ್ರು, ನಾನು ಬೇಡ ಅಂತ ಹಠ ಮಾಡಿ ಶಿವಮೊಗ್ಗಕ್ಕೆ ಕರ್ಕೊಂಡು ಹೋದೆ. ಎಂಆರ್‌ಐ ಆಯ್ತು, ಬೈಸೆಪ್ಸ್‌ನ ಕೆಳಗಿನ ಟೆಂಡನ್ (ಮಾಂಸನ ಮೂಳೆಗೆ ಕಟ್ಟಿ ಹಿಡಿಯೋ ಹುರಿ) ಮೂಳೆಯಿಂದ ಪೂರ್ತಿ ಕಿತ್ತು ಬಂದಿದೆ ಅಂತ ರಿಪೋರ್ಟು.

ಈಗ ತಲೆನೋವು ಏನಂದ್ರೆ ಶಿವಮೊಗ್ಗದ ಡಾಕ್ಟ್ರು ಎರಡು ಸೂಚರ್ ಆಂಕರ್ ಹಾಕಿ ಹೊಲೀತೀನಿ ಅಂತಾರೆ. ಇನ್ನೊಂದು ಅಭಿಪ್ರಾಯ ಇರ್ಲಿ ಅಂತ ಮಂಗಳೂರಲ್ಲಿ ಒಬ್ರಿಗೆ ತೋರ್ಸಿದ್ವಿ, ಅವ್ರು ಬಟನ್ ಹಾಕ್ತೀನಿ, ಅದೇ ಎಲ್ಲಕ್ಕಿಂತ ಗಟ್ಟಿ ಅಂದ್ರು. ಅಣ್ಣಂಗೆ ಮತ್ತೆ ಚೀಲ ಎತ್ತೋ ಕೆಲ್ಸವೇ ಗತಿ, ಹಾಗಾಗಿ ಗಟ್ಟಿ ಯಾವ್ದು ಅನ್ನೋದೇ ನಮಗೆ ಮುಖ್ಯ. ಯೂಟ್ಯೂಬ್ ನೋಡಿದ್ರೆ ಸ್ಕ್ರೂ ಅಂತ ಮೂರನೇದು ಬೇರೆ ಬರ್ತಿದೆ. ಎಷ್ಟು ಎಳೆತ ತಡಿಯತ್ತೆ ಅಂತ ನ್ಯೂಟನ್ (ಬಲದ ಅಳತೆ) ಲೆಕ್ಕದಲ್ಲಿ ಯಾರಾದ್ರೂ ಪರೀಕ್ಷೆ ಮಾಡಿದಾರಾ? ಗೊತ್ತಿರೋರು ತಿಳಿಸಿ. ಅಣ್ಣ ಬೀಡಿ ಸೇದ್ತಾನೆ, ಶುಗರ್ ಇಲ್ಲ.

---

ಮೂಳೆ_ವಾರ್ಡು:

ನಾನು ಆರ್ಥೋದಲ್ಲಿದ್ದೀನಿ. ನಿಮ್ಮಣ್ಣನ ಕೈ ಮುಟ್ಟಿ ನೋಡಿಲ್ಲ, ಹಾಗಾಗಿ ಇದನ್ನ ಸಲಹೆ ಅನ್ಕೋಬೇಡಿ, ನಿಮ್ಮ ಡಾಕ್ಟ್ರ ಹತ್ರ ಮಾತಾಡೋಕೆ ಒಂದಿಷ್ಟು ಮಾಹಿತಿ ಅನ್ಕೊಳ್ಳಿ.

ಮೊದ್ಲು, ಪುತ್ತೂರು ಕಟ್ಟಿಗೆ ಬಿಡದೇ ಇದ್ದದ್ದು ಬಹಳ ಒಳ್ಳೇದಾಯ್ತು. ಇದು ಮುರಿದ ಮೂಳೆ ಅಲ್ಲ, ಕಟ್ಟು ಹಾಕಿ ಬಿಟ್ರೆ ಕೂಡಿಕೊಳ್ಳೋಕೆ. ಕಿತ್ತ ಟೆಂಡನ್ ಮೇಲಕ್ಕೆ ಎಳ್ಕೊಂಡು ಹೋಗಿರತ್ತೆ, ತಾನಾಗೇ ಕೆಳಗಿಳಿದು ಬಂದು ಅಂಟಲ್ಲ. ಆಪರೇಷನ್ ಬೇಡ ಅಂತ ಬಿಟ್ರೂ ಕೈ ಮಡಚೋಕೆ ಬರತ್ತೆ, ಯಾಕಂದ್ರೆ ಕೆಳಗೆ ಬ್ರೇಕಿಯಾಲಿಸ್ ಅನ್ನೋ ಇನ್ನೊಂದು ಮಸಲ್ ಇದೆ, ಆದ್ರೆ ಮಡಚೋ ಶಕ್ತಿ ಸುಮಾರು 30 ಪರ್ಸೆಂಟು, ಅಂಗೈ ಮೇಲ್ಮುಖ ಮಾಡಿ ತಿರುಗಿಸೋ ಶಕ್ತಿ ಸುಮಾರು 40 ಪರ್ಸೆಂಟು ಹೋಗತ್ತೆ ಅಂತ 1985ರಷ್ಟು ಹಿಂದೇನೇ ಮೋರೆ ಅನ್ನೋರು ಅಳೆದು ತೋರಿಸಿದಾರೆ. ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಸ್ಕ್ರೂ ಬಿಗಿ ಮಾಡ್ತೀವಲ್ಲ, ಆ ತಿರುವು. ವಯಸ್ಸಾದವ್ರು, ಕೂತು ಕೆಲ್ಸ ಮಾಡೋರು ಎಷ್ಟೋ ಜನ ಹಾಗೇ ಇರ್ತಾರೆ, ಏನೂ ತೊಂದ್ರೆ ಇಲ್ಲ. 46ಕ್ಕೆ ಚೀಲ ಎತ್ತೋರು, ಅದೂ ಬಲಗೈ ಅಂದ್ರೆ ಹೊಲಿಸೋದೇ ಸರಿ.

ಈಗ ವಿಧಾನಗಳು. ಬೈಸೆಪ್ಸ್ ಬಂದು ಕೂರೋದು ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳ ಕಡೆ ಇರೋ ರೇಡಿಯಸ್ ಮೂಳೆಯಲ್ಲಿರೋ ಒಂದು ಉಬ್ಬಿನ ಮೇಲೆ, ಟ್ಯೂಬರಾಸಿಟಿ ಅಂತೀವಿ. ಅಲ್ಲಿಗೆ ಮತ್ತೆ ಕೂರಿಸೋಕೆ ನಾಲ್ಕು ದಾರಿ. ಹಳೇದು ಮೂಳೆಗೇ ತೂತು ಕೊರೆದು ದಾರ ದಾಟಿಸಿ ಮೂಳೆ ಸೇತುವೆ ಮೇಲೆ ಗಂಟು ಹಾಕೋದು. 1961ರಲ್ಲಿ ಬಾಯ್ಡ್ ಮತ್ತು ಆಂಡರ್ಸನ್ ಎರಡು ಕಡೆ ಕೊಯ್ದು ಮಾಡೋ ವಿಧಾನ ಬರೆದ್ರು, ಅದೇ ವಂಶದ್ದು. ಎರಡನೇದು ಆಂಕರ್, ದಾರ ಪೋಣಿಸಿರೋ ಸಣ್ಣ ಮೊಳೆ, ಮೂಳೆ ಒಳಗೆ ಕೂರತ್ತೆ. ಮೂರನೇದು ಇಂಟರ್‌ಫಿಯರೆನ್ಸ್ ಸ್ಕ್ರೂ, ಟೆಂಡನ್ ತುದೀನ ತೂತಿನೊಳಗೆ ತುರುಕಿ ಪಕ್ಕದಲ್ಲಿ ಸ್ಕ್ರೂ ತಿರುಗಿಸಿ ಒತ್ತಿ ಹಿಡಿಯೋದು. ನಾಲ್ಕನೇದು ಕಾರ್ಟಿಕಲ್ ಬಟನ್, ಸಣ್ಣ ಟೈಟಾನಿಯಂ ಪಟ್ಟಿ. ಮೂಳೆಯ ಎರಡೂ ಗೋಡೆ ದಾಟಿಸಿ ಆಚೆ ಹೋದ್ಮೇಲೆ ಅಡ್ಡ ತಿರುಗಿಸ್ತೀವಿ, ಬಾಗಿಲ ಹಿಂದೆ ಅಗುಳಿ ಹಾಕಿದ ಹಾಗೆ ಅಲ್ಲೇ ಸಿಕ್ಕಾಕ್ಕೊಳತ್ತೆ, ದಾರ ಎಳೆದ್ರೆ ಟೆಂಡನ್ ಜಾರಿಕೊಂಡು ಬಂದು ತೂತಿನೊಳಗೆ ಕೂರತ್ತೆ.

ನೀವು ಕೇಳಿದ ನಂಬರ್ರು. ಎಲ್ಲರೂ ಹೇಳೋ ಪರೀಕ್ಷೆ 2007ರಲ್ಲಿ ಮಝೋಕಾ ತಂಡ ಅಮೆರಿಕದಲ್ಲಿ ಮಾಡಿದ್ದು. ದಾನವಾಗಿ ಬಂದ ಶವಗಳ ಮೊಣಕೈ ತಗೊಂಡು ನಾಲ್ಕೂ ವಿಧಾನದಲ್ಲಿ ಹೊಲಿದು, ಮೊದ್ಲು 50 ನ್ಯೂಟನ್ ಭಾರದಲ್ಲಿ 3600 ಸಲ ಮಡಚಿ ಬಿಡಿಸಿ, ಆಮೇಲೆ ಹರಿಯೋವರೆಗೂ ಎಳೆದ್ರು. ಬಟನ್ 440 ನ್ಯೂಟನ್, ಆಂಕರ್ 381, ಮೂಳೆ ತೂತು 310, ಸ್ಕ್ರೂ 232. ಇಷ್ಟು ನೋಡಿದ್ರೆ ಮಂಗಳೂರಿನ ಡಾಕ್ಟ್ರು ಹೇಳಿದ್ದು ಸರೀನೇ, ಬಟನ್ನೇ ಫಸ್ಟು.

ಆದ್ರೆ ಅದೇ ಪರೀಕ್ಷೇಲಿ ಇನ್ನೊಂದು ಕಾಲಂ ಇದೆ, ಅದನ್ನ ಯಾರೂ ಹೇಳಲ್ಲ. ಹರಿಯೋಕೆ ಮುಂಚೆ, ಅಷ್ಟು ಸಲ ಮಡಚಿ ಬಿಡಿಸಿದ್ದರಲ್ಲಿ ಟೆಂಡನ್ ಮೂಳೆಯಿಂದ ಎಷ್ಟು ಸರೀತು ಅಂತ. ಅಲ್ಲಿ ಸ್ಕ್ರೂ 2.15 ಮಿಲಿಮೀಟರ್, ಆಂಕರ್ 2.33, ಬಟನ್ 3.42, ಮೂಳೆ ತೂತು 3.55. ಅಂದ್ರೆ ಎಳೆದಾಗ ಮೊದ್ಲು ಸೋತ ಸ್ಕ್ರೂನೇ ದಿನಬಳಕೆ ಭಾರದಲ್ಲಿ ಕಮ್ಮಿ ಜಾರಿದ್ದು. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ದೊಡ್ಡದೇನಲ್ಲ, ನಾಲ್ಕೂ ಸುಮಾರು ಒಂದೇ ಅಂತಾನೇ ಅವ್ರ ತೀರ್ಮಾನ. ಟೆಂಡನ್ ಮೂಳೆಗೆ ಅಂಟೋಕೆ ಎರಡೂ ಒಂದಕ್ಕೊಂದು ತಾಗಿಕೊಂಡೇ ಇರಬೇಕು, ನಡುವೆ ಸಂದು ಬಿದ್ರೆ ದಾರ ಎಷ್ಟು ಗಟ್ಟಿ ಇದ್ದು ಏನು ಪ್ರಯೋಜನ.

ಇನ್ನೊಂದು ವಿಷ್ಯ, ಒಂದು ಪೇಪರ್ ನಂಬರ್‌ನ ಇನ್ನೊಂದರ ಜೊತೆ ಹೋಲಿಸ್ಬೇಡಿ. 2003ರಲ್ಲಿ ಗ್ರೀನ್‌ಬರ್ಗ್ ತಂಡಕ್ಕೆ ಬಟನ್ 584, ಆಂಕರ್ 254, ಮೂಳೆ ತೂತು 178 ಬಂತು. ಆಂಕರ್ ಒಂದ್ಕಡೆ 254, ಇನ್ನೊಂದ್ಕಡೆ 381! ಯಾವ ಆಂಕರ್ರು, ಯಾವ ದಾರ, ಯಾರ ಮೂಳೆ, ಯಾವ ಕೋನದಲ್ಲಿ ಎಳೆದ್ರು ಇದೆಲ್ಲಾ ಬದಲಾದ್ರೆ ಸಂಖ್ಯೆನೂ ಬದಲಾಗತ್ತೆ. ತಮಾಷೆ ಅಂದ್ರೆ 2006ರಲ್ಲಿ ಐಡ್ಲರ್ ಅನ್ನೋರು ಹೊಲಿಗೆ ಹಾಕದ, ಹುಟ್ಟಿನಿಂದ ಬಂದ ಟೆಂಡನ್ನೇ ಎಳೆದು ನೋಡಿದ್ರೆ ಅದೇ ಸರಾಸರಿ 204 ನ್ಯೂಟನ್‌ಗೆ ಹೋಯ್ತು, ಅವ್ರ ಸ್ಕ್ರೂ 178ಕ್ಕೆ, ಮೂಳೆ ತೂತು 125ಕ್ಕೆ. ಹಾಗಂತ ದೇವ್ರು ಕೊಟ್ಟ ಟೆಂಡನ್‌ಗಿಂತ ಮಝೋಕಾ ಹಾಕಿದ ಬಟನ್ ಡಬಲ್ ಗಟ್ಟಿ ಅನ್ನೋಕಾಗತ್ತಾ? ಆಗಲ್ಲ. ಒಂದೇ ಲ್ಯಾಬಿನೊಳಗೆ ಯಾವ್ದು ಮುಂದೆ ಯಾವ್ದು ಹಿಂದೆ ಅನ್ನೋದಷ್ಟೇ ನೋಡ್ಬೇಕು.

ನನ್ನ ಅಭಿಪ್ರಾಯ ಕೇಳಿದ್ರೆ ಬಟನ್ ಆಗಲಿ ಆಂಕರ್ ಆಗಲಿ ಎರಡೂ ಸಾಕು, ಯಾವ ಡಾಕ್ಟ್ರು ಯಾವುದನ್ನ ಹೆಚ್ಚು ಮಾಡಿದಾರೋ ಅವರ ಕೈಲಿ ಅದನ್ನೇ ಮಾಡ್ಸಿ. ಬಟನ್ ಹಾಕಿ ಅಂತ ಆಂಕರ್ ಡಾಕ್ಟ್ರಿಗೆ ಒತ್ತಾಯ ಮಾಡೋದು ಮಾತ್ರ ಬೇಡ. ಮತ್ತೆ ತಡ ಮಾಡ್ಬೇಡಿ, ಎರಡು ಮೂರು ವಾರದೊಳಗೆ ಆದ್ರೆ ಟೆಂಡನ್ ಸುಲಭವಾಗಿ ಸಿಗತ್ತೆ. ತಿಂಗಳು ದಾಟಿದ್ರೆ ಮೇಲೆ ಸುರುಟಿಕೊಂಡು ಅಂಟಿರತ್ತೆ, ಬೇರೆ ಕಡೆಯಿಂದ ಟೆಂಡನ್ ತೆಗೆದು ಜೋಡಿಸೋ ಪರಿಸ್ಥಿತಿನೂ ಬರಬಹುದು.

---

ಧಾರವಾಡ_ಗರಡಿ:

ನಂದೂ ಹಿಂಗs ಆಗಿತ್ತ ನೋಡ್ರಿ ತಮ್ಮಾ, ಎಡಗೈ. ಗರಡ್ಯಾಗ ಹುಡುಗ್ರಿಗೆ ಪಟ್ಟು ಹೇಳಿಕೊಡೂ ಮುಂದ ಒಬ್ಬಾವ ಜೋರ ಜಗ್ಗಿದಾ, ಹರೀತು. ನಮ್ಮ ಡಾಕ್ಟರು ಬಟನ್ ಗಿಟನ್ ಏನೂ ಹಾಕಿಲ್ರಿ, ಎಲುಬಿಗೆ ತೂತ ಹೊಡದು ದಾರ ಕಟ್ಯಾರ. ಎರಡ ಕಡೆ ಕೊಯ್ದಾರ, ಮುಂದ ಸಣ್ಣದು, ಹಿಂದ ಮುಂಗೈ ಮ್ಯಾಲ ಒಂದು. ಮ್ಯಾಲಿನ ಡಾಕ್ಟರ ಲೆಕ್ಕದಾಗ ನಂದು ಮೂರನೇ ನಂಬರ ಆತು, ಆದ್ರ ಇವತ್ತಿಗೂ ಏನೂ ಆಗಿಲ್ಲ, ಮಣ್ಣ ಹದ ಮಾಡಾಕ ಸನಿಕಿ ಹಿಡೀತೇನಿ, ಬೈಠಕ್ ದಂಡ ಎಲ್ಲಾ ನಡದೈತಿ. ಕುಸ್ತಿ ಹಿಡ್ಯೂದ ಮಾತ್ರ ಬಿಟ್ಟೇನಿ, ಅದು ಕೈಯಿಂದ ಅಲ್ಲ, ಮನಿಯಾಕಿ ಬೈತಾಳ.

ಒಂದ ತೊಂದರಿ ಏನಂದ್ರ ಅಂಗೈ ಕೆಳಗ ಮಾಡಿ ತಿರುವೂದು ಮೊದ್ಲಿನಷ್ಟು ಬರೂದಿಲ್ಲ. ಎಕ್ಸರೇದಾಗ ಹೊಲಿಗಿ ಹಾಕಿದ ಜಾಗಾದಾಗ ಎಲುಬ ಬೆಳದೈತಿ ಅಂದ್ರು. ಅದಕ ಶಕ್ತಿ ಒಂದs ನೋಡಬ್ಯಾಡ್ರಿ, ಇದೂ ಕೇಳ್ರಿ.

---

ಮೂಳೆ_ವಾರ್ಡು:

ಗರಡಿ ಸರ್ ಹೇಳಿದ್ದು ಬಹಳ ಮುಖ್ಯ. ಎರಡು ಕೊಯ್ತದ ವಿಧಾನದಲ್ಲಿ ರೇಡಿಯಸ್ ಮತ್ತು ಮುಂಗೈಯ ಇನ್ನೊಂದು ಮೂಳೆ ಅಲ್ನಾ ನಡುವೆ ಹೊಸ ಮೂಳೆ ಬೆಳೆಯೋ ಅಪಾಯ ಇದೆ, ತೀರಾ ಜಾಸ್ತಿ ಆದ್ರೆ ಎರಡೂ ಮೂಳೆ ಕೂಡಿಕೊಂಡು ಮುಂಗೈ ತಿರುಗೋದೇ ನಿಂತು ಹೋಗತ್ತೆ. ಬಾಯ್ಡ್ ಆಂಡರ್ಸನ್ ಮೂಲ ವಿಧಾನದಲ್ಲಿ ಅಲ್ನಾ ಬಿಚ್ಚಿಡ್ತಿದ್ರು. ಈಗ ಅಲ್ನಾ ಮುಟ್ಟದೆ ಮಸಲ್ ಸೀಳಿಕೊಂಡು ಹೋಗ್ತಾರೆ, ಕೊರೆದ ಮೂಳೆ ಪುಡೀನ ಚೆನ್ನಾಗಿ ತೊಳೀತಾರೆ, ಹಾಗಾಗಿ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ.

ಮುಂದ್ಗಡೆ ಒಂದೇ ಕೊಯ್ತ ಅಂದ್ರೆ ತೊಂದ್ರೆ ಬೇರೆ, ನರದ್ದು. ಮುಂಗೈ ಹೊರಪಕ್ಕದ ಚರ್ಮಕ್ಕೆ ಸ್ಪರ್ಶ ಕೊಡೋ ನರ ಅದೇ ದಾರೀಲಿ ಹೋಗತ್ತೆ, ಗಾಯ ಅಗಲಿಸಿ ಹಿಡಿಯೋ ರಿಟ್ರ್ಯಾಕ್ಟರ್ ಹಾಕಿ ಎಳೆದಾಗ ಅದು ನಲುಗತ್ತೆ. ಕೆನಡಾದಲ್ಲಿ ಗ್ರೇವಾಲ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಒಂದೇ ಕೊಯ್ತದಲ್ಲಿ ಎರಡು ಆಂಕರ್, ಇನ್ನೊಂದಕ್ಕೆ ಎರಡು ಕೊಯ್ತದಲ್ಲಿ ಮೂಳೆ ತೂತು. ಒಂದೇ ಕೊಯ್ತದವ್ರು 47 ಜನರಲ್ಲಿ 19 ಜನಕ್ಕೆ ಸ್ವಲ್ಪ ಕಾಲ ಮುಂಗೈ ಜೋಮು, ಎರಡು ಕೊಯ್ತದ 43ರಲ್ಲಿ ಮೂರೇ ಜನಕ್ಕೆ. ಬಹುಪಾಲು ತಾನಾಗೇ ಸರಿ ಹೋಯ್ತು. ನೋವು, ಕೆಲಸ ಮಾಡೋ ಸಾಮರ್ಥ್ಯ ಎರಡೂ ಗುಂಪಲ್ಲಿ ಒಂದೇ, ಮಡಚೋ ಶಕ್ತಿ ಮಾತ್ರ ಎರಡು ಕೊಯ್ತದವರಿಗೆ ಸುಮಾರು 10 ಪರ್ಸೆಂಟ್ ಜಾಸ್ತಿ. ಲ್ಯಾಬಲ್ಲಿ ಆಂಕರ್‌ಗಿಂತ ಹಿಂದೆ ಬಿದ್ದ ಮೂಳೆ ತೂತು ಮನುಷ್ಯನ ಕೈಯಲ್ಲಿ ಹಿಂದೆ ಬೀಳಲೇ ಇಲ್ಲ ನೋಡಿ.

ಬಟನ್‌ಗೆ ಅಂತ ಒಂದು ಹೆಚ್ಚಿನ ಅಪಾಯ, ರೇಡಿಯಸ್ಸಿನ ಆಚೆ ಗೋಡೆ ಹತ್ರ ಬೆರಳು ನೆಟ್ಟಗೆ ಮಾಡೋ ನರ ಸುತ್ಕೊಂಡು ಹೋಗತ್ತೆ. ಡ್ರಿಲ್ ಆ ಕಡೆ ವಾಲಿದ್ರೆ ಅಥವಾ ಬಟನ್ ಕೆಳಗೆ ನರ ಸಿಕ್ಕಾಕ್ಕೊಂಡ್ರೆ ಬೆರಳು ಹೆಬ್ಬೆರಳು ಎತ್ತೋಕೆ ಬರಲ್ಲ. ಅಪರೂಪ, ಮತ್ತೆ ಹೆಚ್ಚಿನವರಿಗೆ ತಿಂಗಳುಗಳಲ್ಲಿ ವಾಪಸ್ ಬರತ್ತೆ. ಅಂಗೈ ಪೂರ್ತಿ ಮೇಲ್ಮುಖ ಇಟ್ಟು ಕೊರೆದ್ರೆ ನರ ದೂರ ಸರಿಯತ್ತೆ, ಇದನ್ನ ಅಭ್ಯಾಸ ಇರೋ ಸರ್ಜನ್‌ಗೆ ಯಾರೂ ಹೇಳಿಕೊಡ್ಬೇಕಿಲ್ಲ. ಈ ಭಯಕ್ಕೇ ಕೆಲವ್ರು ಆಚೆ ಗೋಡೆ ತೂತು ಮಾಡದೆ ಬಟನ್ನನ್ನ ಮೂಳೆ ಪೊಳ್ಳಿನೊಳಗೇ ತಿರುಗಿಸಿ ಇಡ್ತಾರೆ.

---

ಜಿಮ್_ರಾಜ:

ಇಷ್ಟೆಲ್ಲಾ ಯಾಕೆ ಗುರು, ನಮ್ ಮಾವಂಗೂ ಬೈಸೆಪ್ಸ್ ಕಟ್ ಆಗಿತ್ತು, ತೋಳು ಉಂಡೆ ಉಂಡೆ ಆಗಿತ್ತು, ಡಾಕ್ಟ್ರೇ ಆಪರೇಷನ್ ಬೇಡ ಅಂದ್ರು, ಈಗ ಆರಾಮಾಗಿ ತೋಟದ ಕೆಲ್ಸ ಮಾಡ್ತಾರೆ. ಸುಮ್ನೆ ದುಡ್ಡು ಕೀಳೋಕೆ ಬಟನ್ನು ಗಿಟನ್ನು.

---

ಮೂಳೆ_ವಾರ್ಡು:

ಜಿಮ್ ಅಣ್ಣ, ನಿಮ್ಮ ಮಾವಂದು ಮೇಲಿನ ತುದಿ ಇರ್ಬೇಕು, ಭುಜದ ಕಡೇದು. ಅಲ್ಲಿ ಬೈಸೆಪ್ಸ್‌ಗೆ ಎರಡು ತಲೆ, ಉದ್ದನೇದು ಹರಿದ್ರೂ ಚಿಕ್ಕದು ಹಿಡ್ಕೊಂಡಿರತ್ತೆ, ಹಾಗಾಗಿ ವಯಸ್ಸಾದವ್ರಿಗೆ ಹೆಚ್ಚಾಗಿ ಹಾಗೇ ಬಿಡ್ತೀವಿ. ಉಂಡೆ ಕೆಳಗೆ ಮೊಣಕೈ ಕಡೆಗೆ ಇಳಿದಿತ್ತಾ ಕೇಳಿ ನೋಡಿ. ಇಲ್ಲಿ ಉಂಡೆ ಮೇಲಕ್ಕೆ ಹೋಗಿದೆ. ಮೊಣಕೈ ಹತ್ರ ಇರೋದು ಒಂದೇ ಟೆಂಡನ್, ಅದು ಕಿತ್ರೆ ಹಿಡಿಯೋಕೆ ಬೇರೆ ಯಾರೂ ಇಲ್ಲ. ಯೂಟ್ಯೂಬಲ್ಲಿ ಸ್ಕ್ರೂ ಚೆನ್ನಾಗಿದೆ ಅಂತ ಬರೋ ಎಷ್ಟೋ ವಿಡಿಯೋನೂ ಭುಜದ ಕಡೇದಕ್ಕೇ ಸಂಬಂಧಪಟ್ಟಿರತ್ತೆ, ಎರಡನ್ನೂ ಕಲಸಬೇಡಿ.

ಪರೀಕ್ಷೆ ಸುಲಭ. ಮೊಣಕೈ 90 ಡಿಗ್ರಿ ಮಡಚಿ ಅಂಗೈ ಆಕಾಶಕ್ಕೆ ಮಾಡಿಸಿ, ಹೊರಪಕ್ಕದಿಂದ ತೋರುಬೆರಳು ಹಾಕಿ ಟೆಂಡನ್ ಕೆಳಗೆ ಕೊಕ್ಕೆ ಹಾಕೋದು. ಸರಿ ಇದ್ರೆ ಹಗ್ಗದ ಥರ ಬೆರಳಿಗೆ ಸಿಗತ್ತೆ, ಕಿತ್ತಿದ್ರೆ ಬೆರಳಿಗೆ ಏನೂ ಸಿಗಲ್ಲ. ಒಳಪಕ್ಕದಿಂದ ಹಾಕಿದ್ರೆ ಪಕ್ಕದಲ್ಲಿರೋ ತೆಳು ಪಟ್ಟಿ ಬೆರಳಿಗೆ ಸಿಕ್ಕಿ ಮೋಸ ಆಗತ್ತೆ. ನಿಮ್ಮ ಜಿಮ್ಮಲ್ಲಿ ಒಂದು ಕೈ ಅಂಗೈ ಮುಂದೆ, ಇನ್ನೊಂದು ಹಿಂದೆ ಹಿಡಿದು ಡೆಡ್‌ಲಿಫ್ಟ್ ಮಾಡ್ತಾರಲ್ಲ, ಅಂಗೈ ಮುಂದೆ ಇರೋ ಕೈಗೆ ಇದೇ ಆಗೋದು, ಹುಡುಗ್ರಿಗೆ ಹೇಳಿ.

---

ಸಾಗರದ_ತಮ್ಮ:

ಎಲ್ರಿಗೂ ಥ್ಯಾಂಕ್ಸ್. ಡಾಕ್ಟ್ರೇ ಒಂದು ಡೌಟು. 440 ನ್ಯೂಟನ್ ಅಂದ್ರೆ ಸುಮಾರು 45 ಕೆಜಿ ಅಲ್ವಾ? ಹಾಗಾದ್ರೆ ಬಟನ್ ಹಾಕಿಸಿಕೊಂಡ್ರೆ ಆಪರೇಷನ್ ಆದ ತಕ್ಷಣವೇ 20 ಕೆಜಿ ಎತ್ತಿದ್ರೂ ತಡೀಬೇಕು? ಅಣ್ಣ ಇದನ್ನೇ ಕೇಳ್ತಾ ಕೂತಿದಾನೆ, ಕುಯ್ಲು ಹತ್ರ ಬಂತು, ಬೇಗ ಕೆಲ್ಸಕ್ಕೆ ಹೋಗ್ಬೇಕು ಅಂತ. ಬಟನ್ ಆದ್ರೆ ಬೇಗ ಎತ್ಬಹುದು ಅನ್ನೋದಾದ್ರೆ ದುಡ್ಡು ಜಾಸ್ತಿ ಆದ್ರೂ ಮಂಗಳೂರಲ್ಲೇ ಮಾಡ್ಸೋಣ ಅಂತಾನೆ.

---

ನಟ್ಟು_ಬೋಲ್ಟು:

ಅಯ್ಯೋ ಬೇಡ!! ನಾನು ಡಾಕ್ಟ್ರಲ್ಲ, ಮೆಕ್ಯಾನಿಕಲ್ ಇಂಜಿನಿಯರು, ಈ ಲೆಕ್ಕ ನಮ್ಮ ಕಡೇದು. 440 ನ್ಯೂಟನ್ ಟೆಂಡನ್ ಮೇಲೆ ಬೀಳೋ ಎಳೆತ, ಕೈಯಲ್ಲಿ ಹಿಡಿದ ತೂಕ ಅಲ್ಲ. ಎರಡಕ್ಕೂ ನಡುವೆ ಲಿವರ್ ಇದೆ.

ಮೊಣಕೈ ಕೀಲಿನಿಂದ ಬೈಸೆಪ್ಸ್ ಎಳೆಯೋ ಗೆರೆಗೆ ದೂರ ಬರೀ 4 ಸೆಂಟಿಮೀಟರ್ ಆಸುಪಾಸು. ಅಂಗೈಗೆ 33 ಸೆಂಟಿಮೀಟರ್ ಅನ್ಕೊಳ್ಳಿ. ಕೈ 90 ಡಿಗ್ರಿ ಮಡಚಿ ಏನೂ ಹಿಡೀದೆ ಸುಮ್ನೆ ಇಟ್ಕೊಂಡ್ರೂ ಮುಂಗೈದೇ ತೂಕ ಇದೆಯಲ್ಲ, 70 ಕೆಜಿ ಮನುಷ್ಯನಿಗೆ ಮುಂಗೈ ಹಸ್ತ ಸೇರಿ ಒಂದೂವರೆ ಕೆಜಿ, ಅದರ ಭಾರ ಕೀಲಿನಿಂದ 15 ಸೆಂಟಿಮೀಟರ್ ದೂರದಲ್ಲಿದೆ ಅಂದ್ರೆ 1.5 × 9.8 × 15 ಭಾಗಿಸು 4, ಬಂತು 55 ನ್ಯೂಟನ್. ಮೇಲೆ ಹೇಳಿದ ಪರೀಕ್ಷೇಲಿ 50 ನ್ಯೂಟನ್ ಇಟ್ಟಿದ್ದು ಇದಕ್ಕೇ ಇರ್ಬೇಕು, ಹತ್ತಿರ ಹತ್ತಿರ ಹೊಂದತ್ತೆ.

ಈಗ ಅಂಗೈಯಲ್ಲಿ ಒಂದು ಕೆಜಿ ಇಡಿ. 9.8 × 33 ಭಾಗಿಸು 4, ಹೆಚ್ಚುಕಮ್ಮಿ 81 ನ್ಯೂಟನ್. ಅಂದ್ರೆ ಹಿಡಿದ ಪ್ರತಿ ಕೆಜಿಗೂ ಟೆಂಡನ್ ಮೇಲೆ 8 ಕೆಜಿಗಿಂತ ಜಾಸ್ತಿ ಎಳೆತ. ಎರಡು ಲೀಟರ್ ನೀರಿನ ಬಾಟ್ಲಿ ಹಿಡಿದ್ರೆ 55 + 162, ಒಟ್ಟು 217. ಸ್ಕ್ರೂ 232ಕ್ಕೆ ಕಿತ್ತಿತ್ತು ಅಂದ್ರಲ್ಲ, ಅಂಚಿಗೆ ಬಂತು. ಐದು ಕೆಜಿ ಅಕ್ಕಿ ಚೀಲ ಹಿಡಿದ್ರೆ 459, ಆಯ್ತು, ನಿಮ್ಮ ಫಸ್ಟ್ ನಂಬರ್ ಬಟನ್ನೂ ಔಟು. 20 ಕೆಜಿ ಲೆಕ್ಕ ಹಾಕೋದೇ ಬೇಡ.

ಇದು ಬೈಸೆಪ್ಸ್ ಒಂದೇ ಎಲ್ಲಾ ಭಾರ ಹೊರತ್ತೆ ಅಂತ ಮಾಡಿದ ಒರಟು ಲೆಕ್ಕ. ಬ್ರೇಕಿಯಾಲಿಸ್ ಪಾಲು ತಗೊಳತ್ತೆ, ಹಾಗಾಗಿ ನಿಜದಲ್ಲಿ ಕಮ್ಮಿ ಬೀಳಬಹುದು. ಆದ್ರೆ ಜರ್ಕ್ ಕೊಟ್ರೆ, ಯಾರೋ ಕೈ ಬಿಟ್ರೆ, ಕಾಲು ಜಾರಿ ಕೈ ಊರಿದ್ರೆ ಎಷ್ಟೋ ಪಟ್ಟು ಏರತ್ತೆ. ಫ್ಯಾಕ್ಟರಿಲಿ ನಾವು ಕೊಕ್ಕೆಗೆ ಬ್ರೇಕಿಂಗ್ ಲೋಡ್ ಐದು ಟನ್ ಇದ್ರೆ ಐದು ಟನ್ ನೇತು ಹಾಕಲ್ಲ.

ಹಾಗಾಗಿ ನನಗೆ ಕಾಣೋದು ಇಷ್ಟೇ, ಬಟನ್ ಆಂಕರ್ ವ್ಯತ್ಯಾಸ 59 ನ್ಯೂಟನ್, ಕೈಯಲ್ಲಿ ಹಿಡಿಯೋ ತೂಕದ ಲೆಕ್ಕದಲ್ಲಿ ಮುಕ್ಕಾಲು ಕೆಜಿ ಕೂಡ ಇಲ್ಲ. ಅದಕ್ಕೋಸ್ಕರ ಶಿವಮೊಗ್ಗ ಬಿಟ್ಟು ಮಂಗಳೂರಿಗೆ ಹೋಗೋದು ನಿಮಗೆ ಬಿಟ್ಟಿದ್ದು.

---

ಫಿಸಿಯೋ_ಅಕ್ಕ:

ಬೋಲ್ಟು ಸರ್ ಲೆಕ್ಕನ ಪ್ರಿಂಟ್ ತೆಗೆದು ನಮ್ಮ ರೂಮಲ್ಲಿ ಅಂಟಿಸ್ಬೇಕು ಅನ್ನಿಸ್ತಿದೆ, ನಾನು ದಿನಾ ಬಾಯಿ ನೋವು ಬರೋ ತನಕ ಹೇಳೋದು ಇದನ್ನೇ.

ತಮ್ಮಾ, ನಿಮ್ಮಣ್ಣನ ವಿಷ್ಯದಲ್ಲಿ ನನಗೆ ಭಯ ಇರೋದು ಒಳಗೆ ಹಾಕೋ ಇಂಪ್ಲಾಂಟ್ (ಬಟನ್ನೋ ಆಂಕರ್ರೋ) ಬಗ್ಗೆ ಅಲ್ಲ, ನಾಲ್ಕನೇ ವಾರದ ಬಗ್ಗೆ. ಮೊದಲೆರಡು ವಾರ ನೋವಿರತ್ತೆ, ಸ್ಪ್ಲಿಂಟ್ ಇರತ್ತೆ, ಯಾರೂ ಏನೂ ಎತ್ತಲ್ಲ. ಮೂರು ನಾಲ್ಕು ವಾರಕ್ಕೆ ನೋವು ಹೋಗತ್ತೆ, ಗಾಯ ಒಣಗಿರತ್ತೆ, ಕೈ ಮಡಚೋಕೆ ಬರತ್ತೆ, ಆಗ ಗಂಡಸ್ರು ಎಲ್ಲಾ ಸರಿ ಹೋಯ್ತು ಅನ್ಕೋತಾರೆ. ಒಳಗೆ ಟೆಂಡನ್ ಮೂಳೆಗೆ ಇನ್ನೂ ಅಂಟಿಯೇ ಇರಲ್ಲ, ದಾರದ ಮೇಲೇ ನಿಂತಿರತ್ತೆ. ಮೂಳೆಗೆ ಗಟ್ಟಿಯಾಗಿ ಕೂರೋಕೆ ಎರಡು ಮೂರು ತಿಂಗಳು ಬೇಕು. ಮೇಲೆ ಹೇಳಿದ ಕೆನಡಾ ಅಧ್ಯಯನದಲ್ಲಿ ಮತ್ತೆ ಹರಿದ ನಾಲ್ಕು ಕೇಸೂ ಶುರುವಿನ ದಿನಗಳಲ್ಲಿ ಹೇಳಿದ ಮಾತು ಕೇಳದೆ ಇದ್ದಿದ್ದಕ್ಕೆ ಅಥವಾ ಮತ್ತೆ ಪೆಟ್ಟು ಬಿದ್ದಿದ್ದಕ್ಕೆ ಆದದ್ದು.

ಸಾಮಾನ್ಯವಾಗಿ ನಡೆಯೋದು ಹೀಗೆ, ನಿಮ್ಮ ಡಾಕ್ಟ್ರು ಸ್ವಲ್ಪ ಬೇರೆ ಹೇಳ್ಬಹುದು, ಅವರ ಮಾತೇ ಕೊನೆ, ಯಾಕಂದ್ರೆ ಹೊಲೀವಾಗ ಟೆಂಡನ್ ಎಷ್ಟು ಬಿಗಿ ಇತ್ತು ಅಂತ ನೋಡಿರೋರು ಅವ್ರೇ. ಒಂದೆರಡು ವಾರ 90 ಡಿಗ್ರಿಯಲ್ಲಿ ಸ್ಪ್ಲಿಂಟು. ಆಮೇಲೆ ಕೀಲು ಇರೋ ಬ್ರೇಸು, ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ನೆಟ್ಟಗೆ ಬಿಡೋದು, ಎಡಗೈ ಸಹಾಯದಿಂದ ಮಡಚೋದು, ಅಂಗೈ ನಿಧಾನವಾಗಿ ತಿರುಗಿಸೋದು. ಆರು ವಾರದವರೆಗೂ ಬಲಗೈಗೆ ಟೀ ಲೋಟ, ತಟ್ಟೆ, ಮೊಬೈಲು, ಅಷ್ಟೇ. ಶಕ್ತಿ ಬರಿಸೋ ವ್ಯಾಯಾಮ ಹನ್ನೆರಡು ವಾರದ ಹೊತ್ತಿಗೆ. ಭಾರ ಎತ್ತೋ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು. ಬಟನ್ ಆದ್ರೂ ಅಷ್ಟೇ, ಆಂಕರ್ ಆದ್ರೂ ಅಷ್ಟೇ. ಈ ವರ್ಷದ ಕುಯ್ಲು ಮರೆತುಬಿಡಿ ಅಂತ ಅಣ್ಣಂಗೆ ಈಗ್ಲೇ ಹೇಳಿ, ಆಪರೇಷನ್ ಆದ್ಮೇಲೆ ಹೇಳಿದ್ರೆ ಜಗಳ ಆಗತ್ತೆ. ಲೆಕ್ಕ ಬರೆಯೋದು, ಫೋನಲ್ಲಿ ರೇಟ್ ಕೇಳೋದು, ಮಂಡಿಗೆ ಹೋಗಿ ನಿಂತ್ಕೊಳೋದು ಇದೆಲ್ಲಾ ಮಾಡ್ಲಿ.

ಮನೇಲಿ ಹುಷಾರಾಗಿರ್ಬೇಕಾದ್ದು ಭಾರ ಅನ್ನಿಸದ ಕೆಲ್ಸಗಳು. ಒದ್ದೆ ಟವೆಲ್ ಹಿಂಡೋದು, ಬಾವೀಲಿ ನೀರು ಸೇದೋದು, ಬೈಕ್‌ನ ಸೆಂಟರ್ ಸ್ಟ್ಯಾಂಡಿಗೆ ಎಳೆದು ಹಾಕೋದು, ಮಗೂನ ಎತ್ಕೊಳೋದು. ಬೀಳೋ ಸಾಮಾನು ಹಿಡಿಯೋಕೆ ಬಲಗೈ ತಾನಾಗೇ ಮುಂದೆ ಹೋಗತ್ತೆ, ಅದಕ್ಕೇ ಹೊರಗಡೆ ಹೋಗ್ವಾಗ ಬ್ರೇಸ್ ಹಾಕಿಯೇ ಹೋಗ್ಬೇಕು.

ಬೀಡಿ ಬಗ್ಗೆ ಯಾರೂ ಹೇಳ್ಲಿಲ್ಲ. 2002ರ ಒಂದು ಅಧ್ಯಯನದಲ್ಲಿ ಸೇದೋರಿಗೆ ಈ ಟೆಂಡನ್ ಹರಿಯೋ ಸಾಧ್ಯತೆ ಸೇದದವರಿಗಿಂತ 7.5 ಪಟ್ಟು ಅಂತ ಬಂದಿದೆ. ಅಂಟೋಕೂ ರಕ್ತ ಸರಿಯಾಗಿ ಹರೀಬೇಕು ತಾನೆ. ಆಪರೇಷನ್‌ಗೆ ಮುಂಚೆನೇ ನಿಲ್ಲಿಸ್ಲಿ.

---

ಧಾರವಾಡ_ಗರಡಿ:

ಅಕ್ಕಾರು ಹೇಳಿದ್ದು ಖರೇ. ನನಗ ಡಾಕ್ಟರು ಒಂದs ಮಾತ ಹೇಳಿದ್ರು, ಕೈ ನಿಂದಲ್ಲ, ಮೂರ ತಿಂಗಳ ಅದು ನಂದು ಅಂತ.

---

ಮೂಳೆ_ವಾರ್ಡು:

ನಾನು ಬರೆದಾಗ ಬಿಟ್ಟ ಒಂದು ಅಂಶ ಸೇರಿಸ್ತೀನಿ, ಶಕ್ತಿ ಅಂದಾಗ ಎಲ್ಲರೂ ದಾರ ಬಟನ್ ನೋಡ್ತಾರೆ, ಎಲ್ಲಿ ಕೂರಿಸಿದ್ರು ಅನ್ನೋದನ್ನ ನೋಡಲ್ಲ. ಬೈಸೆಪ್ಸ್ ಹುಟ್ಟಿನಿಂದ ಕೂತಿರೋದು ಆ ಉಬ್ಬಿನ ಹಿಂಭಾಗಕ್ಕೆ, ಅಲ್ನಾ ಕಡೆಗೆ. ಉಬ್ಬಿನ ಮೇಲೆ ಸುತ್ತಿಕೊಂಡು ಹೋಗೋದ್ರಿಂದ ಎಳೆದಾಗ ಮೂಳೆನ ತಿರುಗಿಸೋ ಬಲ ಸಿಗೋದು. ಮುಂದ್ಗಡೆಯಿಂದ ಒಂದೇ ಕೊಯ್ತದಲ್ಲಿ ಹೋದಾಗ ಕೈಗೆ ಸಿಗೋ ಜಾಗ ಉಬ್ಬಿನ ಮುಂಭಾಗ, ಅಲ್ಲೇ ಕೂರಿಸಿದ್ರೆ ಸುಲಭ, ಹೊಲಿಗೆನೂ ಗಟ್ಟಿ ನಿಲ್ಲತ್ತೆ, ಆದ್ರೆ ಆ ತಿರುಗಿಸೋ ಶಕ್ತಿಯಲ್ಲಿ ಸ್ವಲ್ಪ ಖೋತಾ. 500 ನ್ಯೂಟನ್ ತಡೆಯೋ ಹೊಲಿಗೆ ತಪ್ಪು ಜಾಗದಲ್ಲಿ ಇದ್ರೆ ಹರಿಯಲ್ಲ, ಸರಿಯಾಗಿ ಕೆಲ್ಸನೂ ಮಾಡಲ್ಲ. ಲ್ಯಾಬಲ್ಲಿ ಹರಿಯೋ ಭಾರ ಅಳೆಯೋ ಮಷೀನಿಗೆ ಇದು ಕಾಣಿಸೋದೇ ಇಲ್ಲ.

ಹಾಗಾಗಿ ಡಾಕ್ಟ್ರ ಹತ್ರ ಹೋದಾಗ ಎಷ್ಟು ನ್ಯೂಟನ್ ಅಂತ ಕೇಳ್ಬೇಡಿ, ನಗ್ತಾರೆ. ಇಂಥ ಕೇಸು ವರ್ಷಕ್ಕೆ ಎಷ್ಟು ಮಾಡ್ತೀರಿ, ಒಂದು ಕೊಯ್ತವಾ ಎರಡಾ, ನರಕ್ಕೆ ಏನಾದ್ರೂ ಆದ್ರೆ ಏನು ಮಾಡ್ತೀರಿ, ಯಾವತ್ತಿಂದ ಕೈ ಆಡಿಸ್ತೀರಿ ಅಂತ ಕೇಳಿ. ಇದು ತೀರಾ ಸಾಮಾನ್ಯ ಆಪರೇಷನ್ ಅಲ್ಲ, ವರ್ಷಕ್ಕೆ ಲಕ್ಷ ಜನರಲ್ಲಿ ಒಂದೆರಡು ಕೇಸು ಅಷ್ಟೇ, ಭುಜ ಮೊಣಕೈ ಜಾಸ್ತಿ ನೋಡೋರ ಹತ್ರ ಹೋಗೋದು ಒಳ್ಳೇದು.

---

ಸಾಗರದ_ತಮ್ಮ:

ಅಪ್‌ಡೇಟ್: ಬೋಲ್ಟು ಸರ್ ಲೆಕ್ಕ ಅಣ್ಣಂಗೆ ಪೇಪರ್ ಮೇಲೆ ಬರೆದು ತೋರ್ಸಿದೆ, ಐದು ಕೆಜಿಗೆ ಬಟನ್ನೂ ನಿಲ್ಲಲ್ಲ ಅಂದ ಮೇಲೆ ಸುಮ್ಮನಾದ. ಶಿವಮೊಗ್ಗದ ಡಾಕ್ಟ್ರ ಹತ್ರ ಮತ್ತೆ ಹೋಗಿ ನೀವು ಹೇಳಿದ ಪ್ರಶ್ನೆ ಎಲ್ಲಾ ಕೇಳಿದ್ವಿ. ಅವ್ರು ಸ್ವಲ್ಪನೂ ಬೇಜಾರು ಮಾಡ್ಕೊಳ್ದೆ ಒಂದು ಪ್ಲಾಸ್ಟಿಕ್ ಮೂಳೆ ತಂದು ಎಲ್ಲಿ ಕೂರಿಸ್ತೀನಿ ಅಂತ ಪೆನ್ನಲ್ಲಿ ಗುರುತು ಹಾಕಿ ತೋರ್ಸಿದ್ರು, ಉಬ್ಬಿನ ಹಿಂದ್ಗಡೆಗೆ ಆದಷ್ಟು ಹೋಗ್ತೀನಿ ಅಂದ್ರು. ಭುಜ ಮೊಣಕೈದೇ ಫೆಲೋಶಿಪ್ ಮಾಡಿದಾರಂತೆ, ನಮಗೆ ಗೊತ್ತೇ ಇರ್ಲಿಲ್ಲ. ಅಲ್ಲೇ ಮಾಡಿಸ್ತಾ ಇದ್ದೀವಿ, ಆಂಕರ್ರೇ, ಇದೇ ಶುಕ್ರವಾರ. ಬೀಡಿ ಕಟ್ಟು ಅಮ್ಮ ಒಲೆಗೆ ಹಾಕಿದಾರೆ.

ಕೊನೇ ಪ್ರಶ್ನೆ, ಈ ಆಂಕರ್ ಆಮೇಲೆ ತೆಗೆಸ್ಬೇಕಾ? ಮುಂದೆ ಎಂಆರ್‌ಐ ಮಾಡ್ಸೋ ಹಾಗಿಲ್ವಾ?

---

ಮೂಳೆ_ವಾರ್ಡು:

ತೆಗೆಸ್ಬೇಕಿಲ್ಲ, ತೊಂದ್ರೆ ಕೊಟ್ರೆ ಮಾತ್ರ. ಕೆಲವು ಆಂಕರ್ ಲೋಹದ್ದೇ ಅಲ್ಲ, ಟೈಟಾನಿಯಂ ಆದ್ರೂ ಎಂಆರ್‌ಐಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ, ಆ ಜಾಗದ ಚಿತ್ರ ಮಾತ್ರ ಸ್ವಲ್ಪ ಮಸುಕು ಬರಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಂಪ್ಲಾಂಟ್ ಸ್ಟಿಕ್ಕರ್ ಅಂಟಿಸಿ ಕೊಡ್ತಾರೆ, ಅದನ್ನ ಜೋಪಾನವಾಗಿಡಿ, ಸ್ಕ್ಯಾನ್ ಸೆಂಟರಲ್ಲಿ ಕೇಳೋದು ಅದನ್ನೇ. ಶುಕ್ರವಾರದವರೆಗೆ ಕೈ ಸ್ಲಿಂಗಲ್ಲಿರ್ಲಿ, ಬೆರಳು ಆಡಿಸ್ತಾ ಇರ್ಲಿ. ಅರಿವಳಿಕೆ ಡಾಕ್ಟ್ರಿಗೆ ಬೀಡಿ ವಿಷ್ಯ ಮುಚ್ಚಿಡ್ದೆ ಹೇಳಿ.